ಎರಡು ಎಡತೋಳಿನ ಕೋಟು

ನನ್ನ ಚಿಕ್ಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತನಾಲ್ಕು ವರ್ಷ ಕೋಟು, ಫ್ರಾಕು, ಶಾಲೆಯ ಸಮವಸ್ತ್ರ ಹೊಲಿದ ಹೆಂಗಸು. ಬೀದಿಯಲ್ಲಿ ಎಲ್ಲರೂ ಎದುರಿಗೆ ಟೈಲರಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ ಎನ್ನುತ್ತಿದ್ದರು. ಆ ಎರಡನೆಯ ಹೆಸರು ಅವಳ ಕಿವಿಗೂ ಬಿದ್ದಿತ್ತು, ಇಷ್ಟವೂ ಆಗಿತ್ತು. "ಸೂಜಿ ಅಂದಿದ್ರೆ ಬೇಜಾರಾಗ್ತಿತ್ತು, ಕತ್ತರಿ ಪರವಾಗಿಲ್ಲ," ಎನ್ನುತ್ತಿದ್ದಳು.

ಕೆಳಗೆ ಅಂಗಡಿ, ಮೇಲೆ ಮನೆ. ನನ್ನ ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಮ್ಮನ ತಂಗಿಯಾದ ಇವಳು ನನ್ನನ್ನು ಕೈಹಿಡಿದು ಕರೆತಂದು ಆ ಮೆಟ್ಟಿಲು ಹತ್ತಿಸಿದಳು. ಅಂದಿನಿಂದ ನಾವಿಬ್ಬರೇ. ಮದುವೆಯ ಮಾತೆತ್ತಿದವರಿಗೆಲ್ಲ "ಅಳತೆ ಸರಿಹೋಗ್ಲಿಲ್ಲ" ಅನ್ನುವುದೊಂದೇ ಅವಳ ಉತ್ತರ. ದೊಡ್ಡ ಹೊಟ್ಟೆಯ ವಕೀಲರೊಬ್ಬರು ಕೋಟಿನ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಇವಳು ಟೇಪು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. "ನಂಗೇನೂ ಅವಸರ ಇಲ್ಲ ಸಾರ್. ಎಷ್ಟೊತ್ತು ಹಿಡಿದಿರ್ತೀರೋ ಹಿಡ್ಕೊಳ್ಳಿ." ವಕೀಲರು ಮುಖ ಕೆಂಪು ಮಾಡಿಕೊಂಡು ಉಸಿರು ಬಿಟ್ಟ ಮೇಲೆಯೇ ಅಳತೆ ಬರೆದುಕೊಳ್ಳುತ್ತಿದ್ದದ್ದು. ಅಷ್ಟಾದರೂ ಅವರು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಅವಳು ಹೊಲಿದ ಕೋಟು ಹಾಕಿಕೊಂಡರೆ ಯಾರಿಗೂ ಅವರ ಹೊಟ್ಟೆ ಕಾಣುತ್ತಿರಲಿಲ್ಲ.

ಅಂಗಡಿಯ ಹಿಂಭಾಗದಲ್ಲಿ ಒಂದು ಕಂದು ಪರದೆ ಇತ್ತು. ಕಚ್ಚಾ ಹೊಲಿಗೆ ಹಾಕುವುದು, ಸರಿಬರದಿದ್ದರೆ ಬಿಚ್ಚುವುದು, ಮತ್ತೆ ಹೊಲಿಯುವುದು ಎಲ್ಲವೂ ಅದರ ಹಿಂದೆ. ಅರ್ಧ ಮುಗಿದ ಬಟ್ಟೆಯನ್ನು ಗಿರಾಕಿಗೆ ತೋರಿಸಿದವಳೇ ಅಲ್ಲ. "ಅವರು ನೋಡ್ಬೇಕಾದ್ದು ಮುಗಿದ ಬಟ್ಟೆ. ನನ್ನ ತಪ್ಪು ನನ್ನ ಹೊಟ್ಟೆಯೊಳಗೆ ಇರ್ಲಿ," ಎನ್ನುತ್ತಿದ್ದಳು. ನಾನು ಪರದೆಯ ಈಚೆ ಕುಳಿತು ಪಾಠ ಓದುತ್ತಿದ್ದೆ. ದಾರ ಕೀಳುವ ಸಣ್ಣ ಸದ್ದು ಕೇಳಿದರೆ ಆ ದಿನ ಅವಳ ತಂಟೆಗೆ ಹೋಗಬಾರದು ಎಂದು ತಿಳಿದುಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಮಿಷನ್ ಮುಂದೆ ಕುಳಿತವಳು ಹಾಗೆಯೇ ಎಡಕ್ಕೆ ವಾಲಿದಳು. ಸ್ಟ್ರೋಕ್. ಆರು ವಾರ ಆಸ್ಪತ್ರೆ. ಮಾತು ಪೂರ್ತಿ ಉಳಿಯಿತು, ಬೈಗುಳವೂ ಸೇರಿ. ಕಾಲಿಗೆ ಮೆಲ್ಲಗೆ ಶಕ್ತಿ ಮರಳಿತು. ಎಡಗೈ ಮಾತ್ರ ಬರಲಿಲ್ಲ. ಮೊಣಕೈ ಮಡಚಿಕೊಂಡು, ಬೆರಳುಗಳು ಮುಷ್ಟಿಯಾಗಿ, ಹೊಟ್ಟೆಗೆ ಅಂಟಿಕೊಂಡಂತೆ ಕುಳಿತುಬಿಟ್ಟಿತು.

ಮನೆಗೆ ಬಂದ ಎರಡನೇ ದಿನ ಒಬ್ಬ ಹಳೆಯ ಗಿರಾಕಿ ನೋಡಲು ಬಂದರು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುವಾಗ ಆ ಕೈಯನ್ನು ನೋಡಿ "ಪಾಪ" ಅಂದರು. ಅಷ್ಟೇ ಅಂದದ್ದು. ಆ ಒಂದು ಮಾತಿಗೆ ಚಿಕ್ಕಮ್ಮ ಒಳಗೆ ಹೋಗಿ ಬೂದು ಬಣ್ಣದ ಶಾಲು ಹೊದ್ದುಕೊಂಡು ಬಂದಳು. ಆಮೇಲೆ ಆ ಕೈಯನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಸ್ನಾನದ ಮನೆಯ ಚಿಲಕ ಒಳಗಿನಿಂದ ಹಾಕಿಕೊಳ್ಳುತ್ತಿದ್ದಳು. ಬಟ್ಟೆ ಹಾಕಲು ಸಹಾಯಕ್ಕೆ ಹೋದರೆ "ನಾನೇನು ಎಳೆಕೂಸಾ? ಹೊರಗೆ ನಡಿ," ಎಂದು ಅಟ್ಟುತ್ತಿದ್ದಳು. ನಾನು ಅಡುಗೆ ಮಾಡಿ, ತಲೆ ಬಾಚಿ, ಮಾತ್ರೆ ಕೊಟ್ಟು, ಚಿಕ್ಕಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ನಾನು ಕೆಲಸ ಮಾಡುವುದು ಕೈಕಾಲು ಸ್ವಾಧೀನ ತಪ್ಪಿದವರಿಗೆ ಮತ್ತೆ ನಡೆಯಲು, ಹಿಡಿಯಲು ಕಲಿಸುವ ಒಂದು ಕೇಂದ್ರದಲ್ಲಿ, ದಾಖಲೆ ಕೋಣೆಯಲ್ಲಿ. ವಾರಕ್ಕೆ ಮೂರು ದಿನ ಚಿಕ್ಕಮ್ಮನನ್ನೂ ಜೊತೆಗೆ ಕರೆದೊಯ್ಯುತ್ತಿದ್ದೆ. ಕಾಲಿನ ವ್ಯಾಯಾಮಕ್ಕೆ ಒಪ್ಪುತ್ತಿದ್ದಳು. ಕೈ ಎಂದರೆ ಸಾಕು, ಶಾಲನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದಳು. ಅಲ್ಲಿನ ಫಿಸಿಯೋ ಮೇಡಂ ಸಮಾಧಾನದ ಮನುಷ್ಯೆ. ಅವರೂ ಸಾಕಾಗಿ ಒಂದು ದಿನ ನನ್ನ ಎದುರೇ ನೇರವಾಗಿ ಹೇಳಿಬಿಟ್ಟರು: "ನೋಡಿ ಅಮ್ಮ, ಮುಷ್ಟಿ ಹೀಗೇ ಇದ್ರೆ ಬೆರಳು ಇದೇ ಆಕಾರಕ್ಕೆ ಗಟ್ಟಿಯಾಗಿಬಿಡುತ್ತೆ. ಆಮೇಲೆ ನಾನು ಬಿಡಿಸ್ತೀನಿ ಅಂದ್ರೂ ಬಿಡಿಸೋಕೆ ಬರಲ್ಲ. ಕೈ ವ್ಯಾಯಾಮದ ತರಗತಿಗೆ ಹನ್ನೆರಡೇ ಜನ. ಶನಿವಾರದೊಳಗೆ ನೀವು ಒಪ್ಪದಿದ್ರೆ ಮುಂದಿನವರನ್ನ ಕರೀಬೇಕಾಗುತ್ತೆ." ಚಿಕ್ಕಮ್ಮ "ಕರೀರಿ, ಅವರಾದ್ರೂ ಉದ್ಧಾರ ಆಗ್ಲಿ" ಎಂದಳು. ಅವಳ ಸಹಿ ಬೀಳದ ಒಪ್ಪಿಗೆಯ ಕಾಗದ ನನ್ನ ಮೇಜಿನ ಮೇಲೇ ಇತ್ತು. ಅದಕ್ಕೆ ಅಡ್ಡಗೆರೆ ಎಳೆಯಬೇಕಾದವಳೂ ನಾನೇ. ನನಗೆ ಊಟ ರುಚಿಸುತ್ತಿರಲಿಲ್ಲ.

ಅದೇ ವಾರ ಕೇಂದ್ರಕ್ಕೆ ಆಟ ಕಟ್ಟುವವರು ಬಂದರು.

ಕಂಪ್ಯೂಟರ್ ಆಟಗಳೆಂದರೆ ಕಣ್ಣು ಹಾಳು, ಹೊತ್ತು ಹಾಳು ಎಂದು ನಂಬಿದವಳು ನಾನು. ದೊಡ್ಡ ಕಂಪನಿಗಳು ನೂರಾರು ಜನರನ್ನಿಟ್ಟುಕೊಂಡು ಮಾಡುವುದು ಒಂದು ಬಗೆಯಂತೆ. ಇವರು ಹಾಗಲ್ಲ, ಒಬ್ಬಿಬ್ಬರೇ ಕುಳಿತು ಸ್ವಂತವಾಗಿ ಆಟ ಮಾಡುವವರು. ಗುರುವಾರ, ಶುಕ್ರವಾರ, ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಕೇಂದ್ರದ ಮಹಡಿಯ ಹಾಲ್‌ನಲ್ಲಿ ಕುಳಿತು, ಏನೂ ಇಲ್ಲದಲ್ಲಿಂದ ಶುರುಮಾಡಿ ಒಂದೊಂದು ಆಟ ಮುಗಿಸಬೇಕು. ಅದಕ್ಕೆ ಗೇಮ್ ಜಾಮ್ ಎಂದು ಹೆಸರು. ಮಾಡುವುದೆಲ್ಲ ಲೈವ್, ಕೆಲಸ ನಡೆಯುತ್ತಿರುವಾಗಲೇ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ. ನೋಡುವವರು ಇಷ್ಟವಾದಷ್ಟು ದಾನ ಕೊಡಬಹುದು, ಅದು ನಮ್ಮ ಕೈ ತರಗತಿಯ ಸಲಕರಣೆಗೆ. ಒಂದೇ ಒಂದು ಷರತ್ತು: ಆಟವನ್ನು ಒಂದೇ ಕೀ ಒತ್ತಿ ಆಡುವಂತಿರಬೇಕು. ನಮ್ಮಲ್ಲಿಗೆ ಬರುವ ಎಷ್ಟೋ ಜನಕ್ಕೆ ಆಡುವುದು ಒಂದೇ ಬೆರಳು.

ಕೆಳಗೆ ಕಾಯುವ ಹಾಲ್‌ನ ಟಿ.ವಿ.ಗೆ ಆ ಲೈವ್ ಜೋಡಿಸಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಗೊಣಗುತ್ತಲೇ ಜೋಡಿಸಿದೆ. ಚಿಕ್ಕಮ್ಮ ಕಾಲಿನ ವ್ಯಾಯಾಮ ಮುಗಿಸಿ ಎದುರಿನ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದಳು. ಪರದೆಯ ಅರ್ಧದಲ್ಲಿ ಒಂದು ಮೇಜು, ಇಬ್ಬರು. ಒಬ್ಬ ಕೋಡ್ ಬರೆಯುವವನು, ಕುಳಿತರೂ ನಿಂತಷ್ಟು ಉದ್ದ. ಚಿಕ್ಕಮ್ಮ ನೋಡಿದ ಕೂಡಲೇ ಅವನಿಗೆ ಜಿರಾಫೆ ಎಂದು ನಾಮಕರಣ ಮಾಡಿದಳು. ಇನ್ನೊಬ್ಬಳು ಚಿತ್ರ ಬರೆಯುವವಳು, ಮೂವತ್ತರ ಆಸುಪಾಸು, ಕತ್ತಿಗೆ ಹಸಿರು ಸ್ಕಾರ್ಫು. ಪರದೆಯ ಇನ್ನರ್ಧದಲ್ಲಿ ಅವರ ಕಂಪ್ಯೂಟರಿನಲ್ಲಿ ಏನಾಗುತ್ತಿದೆಯೋ ಅದು. ಕೆಳಗಿನ ಮೂಲೆಯಲ್ಲಿ ನೋಡುವವರ ಮಾತುಗಳು ಸಾಲುಸಾಲಾಗಿ ಹರಿಯುತ್ತಿದ್ದವು. ಆಗಲೇ ನಾಲ್ಕು ಸಾವಿರ ಜನ ನೋಡುತ್ತಿದ್ದರು.

ಮೊದಲು ಒಂದು ಬೂದು ಚೌಕ ಬಂತು. ಅಷ್ಟೇ. ಚೌಕ.

"ಇದನ್ನ ನೋಡೋಕೆ ನಾಲ್ಕು ಸಾವಿರ ಜನವಾ?" ಅಂದೆ ನಾನು.

"ಸುಮ್ನಿರು, ಕಚ್ಚಾ ಹೊಲಿಗೆ ಅದು," ಅಂದಳು ಚಿಕ್ಕಮ್ಮ.

ಜಿರಾಫೆ ಏನೋ ನಾಲ್ಕು ಸಾಲು ಬರೆದ. ಚೌಕ ನಡೆಯಿತು. ನಾಲ್ಕು ಹೆಜ್ಜೆ ನಡೆದು ನೆಲದೊಳಗೆ ಬಿದ್ದುಹೋಯಿತು. ಬೀಳುತ್ತಲೇ ಹೋಯಿತು, ಎಲ್ಲೂ ನಿಲ್ಲಲೇ ಇಲ್ಲ. ಜಿರಾಫೆ ತಲೆ ಚಚ್ಚಿಕೊಂಡು "ನೆಲ ಹಾಕೋದೇ ಮರೆತಿದೀನಿ!" ಎಂದು ನಕ್ಕ. ನಾಲ್ಕು ಸಾವಿರ ಜನವೂ ನಕ್ಕರು. ಅವನು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಬರೆದ, ಈ ಸಲ ನೆಲ ಗಟ್ಟಿಯಾಗಿತ್ತು. ಆಮೇಲೆ ಬಾಗಿಲು ಮಾಡಲು ಹೋದರೆ ಒಂದರ ಬದಲು ಸಾವಿರ ಬಾಗಿಲು ಬಂದು ಪರದೆ ತುಂಬಿತು. ಅದನ್ನೂ ಎಲ್ಲರ ಎದುರೇ ಕಿತ್ತು ಹಾಕಿದ.

ಚಿಕ್ಕಮ್ಮ ಕುರ್ಚಿಯ ತುದಿಗೆ ಜರುಗಿದ್ದಳು. "ನೋಡೇ, ಎಲ್ರ ಮುಂದೇನೇ ಬಿಚ್ತಾನೆ. ನಾಚಿಕೆ ಮಾನ ಮರ್ಯಾದೆ ಒಂದೂ ಇಲ್ವಲ್ಲ ಇವನಿಗೆ," ಅಂದಳು. ಬೈಗುಳದ ಮಾತೇ. ಆದರೆ ಅಂಥ ಮೆತ್ತಗಿನ ದನಿಯಲ್ಲಿ ಅವಳು ಬೈದದ್ದನ್ನು ನಾನು ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚೌಕದ ಜಾಗಕ್ಕೆ ಚಿತ್ರದವಳು ಬರೆದ ಹುಡುಗಿ ಬಂದಳು. ಆಟದ ಹೆಸರು 'ಕೋಟು'. ಒಂದು ಕೈ ಬಾರದ ಹುಡುಗಿ ಬೆಳಿಗ್ಗೆ ಎದ್ದು, ಮನೆಯೊಳಗೆ ಓಡಾಡಿ, ಕೋಟು ಹಾಕಿಕೊಂಡು ಹೊರಗೆ ಹೋಗಬೇಕು. ಇಷ್ಟೇ ಕಥೆ. ಅವಳ ನಡಿಗೆ ಬೊಂಬೆಯ ಹಾಗೆ ಟಕಟಕ ಎನ್ನುತ್ತಿತ್ತು. ಜಿರಾಫೆ ಒಂದು ಸಂಖ್ಯೆ ಬದಲಿಸಿದ. ಒಂದೇ ಒಂದು ಸಂಖ್ಯೆ. ಆ ಹುಡುಗಿಯ ನಡಿಗೆಗೆ ಆಯಾಸ ಬಂತು. ನನ್ನ ಮೈ ಜುಂ ಎಂದಿತು, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಚೌಕವಾಗಿದ್ದದ್ದು ಈಗ ದಣಿದಿತ್ತು. ದಾಖಲೆ ಕೋಣೆಯಲ್ಲಿ ಕಡತಗಳು ನನಗಾಗಿ ಕಾಯುತ್ತಿದ್ದವು, ನಾನು ಬಾಯಿ ಬಿಟ್ಟುಕೊಂಡು ಟಿ.ವಿ. ಮುಂದೆ ನಿಂತಿದ್ದೆ. ಹೆಜ್ಜೆಯ ಸದ್ದಿಗೆ ಅವನು ಮೈಕಿನ ಹತ್ತಿರ ಖಾಲಿ ಬಿಸ್ಕತ್ತಿನ ಡಬ್ಬ ತಟ್ಟಿದ, ಕೋಟಿನ ಸರಸರಕ್ಕೆ ತನ್ನದೇ ಮಳೆಯಂಗಿ ಉಜ್ಜಿದ. ಅದು ಡಬ್ಬ, ಅದು ಮಳೆಯಂಗಿ ಎಂದು ಕಣ್ಣಾರೆ ಕಂಡ ಮೇಲೂ, ಹುಡುಗಿ ನಡೆದಾಗ ನನಗೆ ಕೇಳಿಸಿದ್ದು ಮರದ ನೆಲದ ಮೇಲಿನ ಅವಳ ಹೆಜ್ಜೆಯೇ.

ಶುಕ್ರವಾರ ಚಿಕ್ಕಮ್ಮ ನನಗಿಂತ ಮೊದಲೇ ಸಿದ್ಧವಾಗಿ ಬಾಗಿಲಲ್ಲಿ ನಿಂತಿದ್ದಳು. ಅಂದು ಅವಳ ವ್ಯಾಯಾಮದ ದಿನವೇ ಅಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ಆಟದ ಹುಡುಗಿ ಕೋಟು ಹಾಕಿಕೊಂಡು ಬಲಕ್ಕೆ ನಡೆದಳು, ಏನೋ ಮರೆತವಳಂತೆ ತಿರುಗಿ ಎಡಕ್ಕೆ ನಡೆದಳು. ಚೆನ್ನಾಗಿದೆ ಎಂದು ಜನ ಬರೆಯುತ್ತಿದ್ದರು. ಚಿಕ್ಕಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ಏ, ಇನ್ನೊಂದ್ಸಲ ತಿರುಗಿಸೋಕೆ ಹೇಳು."

"ಟಿ.ವಿ. ಜೊತೆ ಮಾತಾಡೋಕಾಗಲ್ಲ ಚಿಕ್ಕಮ್ಮ."

ಅಷ್ಟರಲ್ಲಿ ಹುಡುಗಿ ತಾನೇ ಮತ್ತೆ ತಿರುಗಿದಳು. ಚಿಕ್ಕಮ್ಮ ಬಲಗೈಯಿಂದ ತೊಡೆ ಬಡಿದಳು. "ಎರಡೂ ಎಡತೋಳು ಕತ್ತರಿಸಿದಾರೆ ಕಣೇ! ಜೇಬು ನೋಡು, ಆಗ ಎಡಗಡೆ ಇತ್ತು, ತಿರುಗಿದ ಕೂಡ್ಲೆ ಬಲಗಡೆಗೆ ಓಡಿಹೋಯ್ತು. ಗುಂಡಿಪಟ್ಟಿನೂ ಆ ಕಡೆ ಈ ಕಡೆ ಆಯ್ತು." ಆಮೇಲೆ ಒಂದು ಕ್ಷಣ ತಡೆದು, ದನಿ ತಗ್ಗಿಸಿ, "ಕೈನೂ," ಅಂದಳು.

ನಿಜ. ಬಲಕ್ಕೆ ನಡೆಯುವಾಗ ಎಡಗೈ ಬಾರದ ಹುಡುಗಿ, ಎಡಕ್ಕೆ ತಿರುಗಿದ ಕೂಡಲೇ ಬಲಗೈ ಬಾರದವಳಾಗುತ್ತಿದ್ದಳು. ಎಡಗೈ ಆರಾಮಾಗಿ ಬೀಸಾಡುತ್ತಿತ್ತು. ಬಟ್ಟೆಯನ್ನು ಮಡಚದೆ, ಮಗುಚದೆ ಎರಡು ತೋಳು ಕತ್ತರಿಸಿದರೆ ಎರಡೂ ಒಂದೇ ಕಡೆಯ ತೋಳಾಗುತ್ತವೆ. ಎಡ ಬಲ ಬೇರೆ ಬೇರೆ ಎಂಬುದನ್ನು ಮರೆತು ಒಂದನ್ನೇ ಎರಡೂ ಕಡೆಗೆ ಬಳಸುವುದು ಹೊಸದಾಗಿ ಕಲಿಯುವ ಟೈಲರುಗಳೆಲ್ಲ ಒಮ್ಮೆಯಾದರೂ ಮಾಡುವ ತಪ್ಪು, ಚಿಕ್ಕಮ್ಮನ ಕಣ್ಣಿಗೆ ಅದು ತಪ್ಪಿಸಿಕೊಳ್ಳುವುದುಂಟೆ? ನಾಲ್ಕು ಸಾವಿರ ಜನರಲ್ಲಿ ಇನ್ನೊಬ್ಬರಿಗೂ ಕಂಡಿರಲಿಲ್ಲ. ನನ್ನ ಫೋನಿನಲ್ಲಿ ಅವಳ ಮಾತನ್ನೇ ಬರೆದು ಕಳಿಸಿದೆ. ಜಿರಾಫೆ ಅದನ್ನು ಜೋರಾಗಿ ಓದಿದ: "ಕೆಳಗಿನ ಹಾಲ್‌ನಿಂದ ಒಬ್ಬ ಟೈಲರಮ್ಮ ಕೇಳ್ತಿದಾರೆ, ಈ ಕೋಟಿಗೆ ಎರಡೂ ಎಡತೋಳು ಯಾಕೆ ಇಟ್ಟಿದೀರಿ ಅಂತ." ಓದಿ ಮುಗಿಸಿ ಹುಡುಗಿಯನ್ನು ಒಮ್ಮೆ ತಿರುಗಿಸಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಸಿಕ್ಕಿಬಿದ್ದೆ ಅಮ್ಮ," ಎಂದ ಕ್ಯಾಮೆರಾ ಕಡೆ ನೋಡಿ. "ಚಿತ್ರ ಒಂದೇ ಕಡೆಗೆ ಬರೆಸಿ, ಇನ್ನೊಂದು ಕಡೆಗೆ ಅದನ್ನೇ ಕನ್ನಡಿ ಥರ ಮಗುಚಿಬಿಟ್ಟೆ. ಸಮಯ ಉಳಿಯುತ್ತೆ ಅಂತ ಎಲ್ರೂ ಹಾಗೇ ಮಾಡ್ತೀವಿ. ಆದ್ರೆ ಕೈ ಬಗ್ಗೆನೇ ಆಟ ಮಾಡ್ತಾ ಕೈಯನ್ನೇ ಅದಲುಬದಲು ಮಾಡಿದೀನಿ. ತಪ್ಪಾಯ್ತು. ಎಲ್ಲ ಬಿಚ್ತೀವಿ."

ಚಿತ್ರದವಳು ಹಿಂದಿನ ದಿನ ಬರೆದಿದ್ದಷ್ಟನ್ನೂ ಎಡಗಡೆಗೆಂದು ಮತ್ತೆ ಬರೆಯಲು ಕುಳಿತಳು. ಇಪ್ಪತ್ತೆರಡು ಚಿತ್ರ. ಒಂದು ಮಾತೂ ಗೊಣಗಲಿಲ್ಲ. ಚಿಕ್ಕಮ್ಮ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ತನ್ನಷ್ಟಕ್ಕೆ ಎಂಬಂತೆ ಅಂದಳು: "ಅಷ್ಟು ಜನದ ಮುಂದೆ ತಪ್ಪಾಯ್ತು ಅಂದ. ಒಬ್ರೂ ಅವನನ್ನ ಬಿಟ್ಟುಹೋಗ್ಲಿಲ್ಲ."

"ಇನ್ನೂ ಇನ್ನೂರು ಜನ ಜಾಸ್ತಿಯಾದ್ರು," ಅಂದೆ.

"ಅದೇ ನಂಗೂ ಆಶ್ಚರ್ಯ."

ಕೈಯ ವಿಷಯ ಎತ್ತಲು ಇದೇ ಸಮಯ ಎಂದುಕೊಂಡು ನಾನು ಕಾಗದದ ಮಾತು ತೆಗೆದೆ. ತೆಗೆಯಬಾರದಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ನಾಳೆ ಅಡ್ಡಗೆರೆ ಎಳೆದುಬಿಡು. ನಿಂಗೂ ಒಂದು ತಲೆನೋವು ಕಮ್ಮಿ," ಅಂದಳು. ನನಗೂ ಕೋಪ ಬಂತು, ನಾನೂ ಅವಳ ಕೈಯಲ್ಲೇ ಬೆಳೆದವಳು ತಾನೆ?

ಶನಿವಾರ. ಉಳಿದದ್ದು ಆಟದ ಕೊನೆಯ ಭಾಗ, ಹುಡುಗಿ ಒಂದೇ ಕೈಯಲ್ಲಿ ಕೋಟು ಹಾಕಿಕೊಳ್ಳುವುದು. ಚಿತ್ರದವಳಿಗೆ ಅದು ಜಪ್ಪಯ್ಯ ಅಂದರೂ ಬರಲೊಲ್ಲದು. ಕತ್ತಿನ ಹಸಿರು ಸ್ಕಾರ್ಫು ಬಿಚ್ಚಿ, ತನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು, ನಿಜವಾದ ಕೋಟು ಹಾಕಿಕೊಳ್ಳಲು ನೋಡಿದಳು. ಬಲಗೈ ತೂರಿಸಿದಳು, ಕೋಟನ್ನು ಬೆನ್ನ ಮೇಲೆ ಎಸೆದುಕೊಂಡಳು, ಎಡಭುಜದ ಮೇಲೆ ಜೋತುಬಿಟ್ಟಳು. ಅದನ್ನೇ ಚಿತ್ರ ಮಾಡಿದಳು. ಪರದೆಯಲ್ಲಿ ಹುಡುಗಿ ಅದನ್ನೇ ಮಾಡಿದಳು. ಜನ ಚಪ್ಪಾಳೆಯ ಗುರುತುಗಳನ್ನು ಸುರಿದರು.

"ಅಲ್ಲ," ಅಂದಳು ಚಿಕ್ಕಮ್ಮ.

"ಏನು ಅಲ್ಲ?"

"ಕಟ್ಟಿಹಾಕಿದ ಕೈ ಬೇರೆ, ಬಾರದ ಕೈ ಬೇರೆ. ಇದು ಎಲ್ಲೂ ಹೋಗಿರಲ್ಲ, ಜೊತೇಲೇ ಇರುತ್ತೆ. ಭಾರ ಇರುತ್ತೆ, ಅಡ್ಡ ಬರುತ್ತೆ." "ಬರೆದು ಕಳ್ಸು."

ಬರೆದೆ. ಟಿ.ವಿ.ಯಲ್ಲಿ ಚಿತ್ರದವಳ ದನಿ ಬಂತು: "ಅಮ್ಮ, ಅರ್ಥ ಆಗ್ತಿದೆ, ಆದ್ರೆ ಕಾಣಿಸ್ತಿಲ್ಲ. ಕಂಡಿದ್ದನ್ನ ಮಾತ್ರ ನಾನು ಬರೀಬಲ್ಲೆ. ಇನ್ನು ಮೂರು ಗಂಟೆ ಇದೆ. ಗೊತ್ತಾಗದಿದ್ರೆ ಈ ಭಾಗ ತೆಗೆದುಬಿಡ್ತೀವಿ, ಸುಳ್ಳು ತೋರಿಸೋದು ಬೇಡ."

ಚಿಕ್ಕಮ್ಮ ಎದ್ದಳು. ನಾನು ಮನೆಗೆ ಹೊರಟಳು ಎಂದುಕೊಂಡೆ. ಅವಳು ಮೆಟ್ಟಿಲ ಕಡೆ ನಡೆದಳು. ಇಪ್ಪತ್ತು ಮೆಟ್ಟಿಲು, ಬಲಗೈ ಕಂಬಿಯ ಮೇಲೆ, ಒಂದೊಂದಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದಳು. ಹಿಡಿಯಲು ಹೋದ ನನಗೆ ಬಲ ಮೊಣಕೈಯಲ್ಲಿ ತಿವಿದಳು.

ಹಾಲ್‌ನಲ್ಲಿ ಹತ್ತಾರು ಮೇಜು, ನೆಲದ ತುಂಬ ವೈರು. ಎಲ್ಲರೂ ತಲೆಯೆತ್ತಿದರು. ಫಿಸಿಯೋ ಮೇಡಂ ಕಿಟಕಿಯ ಹತ್ತಿರ ನಿಂತಿದ್ದವರು ನನ್ನ ಕಡೆ ನೋಡಿದರು. ನಾನು ಭುಜ ಕುಣಿಸಿದೆ, ನನಗೇನು ಗೊತ್ತು? ಚಿತ್ರದವಳು ಕುರ್ಚಿ ಎಳೆದಳು. ಚಿಕ್ಕಮ್ಮ ಮೊದಲು ಬಾಯಿಮಾತಲ್ಲೇ ವಿವರಿಸಲು ನೋಡಿದಳು. ಬಾರದ ಕೈಗೆ ಮೊದಲು ತೋಳು, ಬರುವ ಕೈಗೆ ಆಮೇಲೆ. ಗುಂಡಿ ತೂರಿಸುವ ಕಾಜ ಅಡ್ಡಕ್ಕಿರಬೇಕು, ಉದ್ದಕ್ಕಿದ್ದರೆ ಒಂದು ಕೈಗೆ ಬಗ್ಗುವುದಿಲ್ಲ. ಚಿತ್ರದವಳು ಬರೆದು ತೋರಿಸಿದಳು. ಅಲ್ಲ. ಮತ್ತೆ ಬರೆದಳು. ಅಲ್ಲ. ಮೂರನೇ ಸಲ ಚಿಕ್ಕಮ್ಮ "ಥೂ, ನಿಂಗೆ ಹೇಳಿ ಹೇಳಿ ನನ್ನ ಗಂಟಲು ಹರೀತು" ಎಂದು ಶಾಲಿನ ತುದಿ ಹಿಡಿದು ಎಳೆದು ನೆಲಕ್ಕೆ ಬಿಟ್ಟಳು.

ಕೈ ಅಲ್ಲೇ ಇತ್ತು, ಹೊಟ್ಟೆಗೆ ಒತ್ತಿಕೊಂಡು, ತೆಳ್ಳಗಾಗಿ, ಮುಷ್ಟಿಯ ಮೇಲೆ ಕರವಸ್ತ್ರ ಸುತ್ತಿಕೊಂಡು. ಮೇಜಿನ ಮೇಲಿನ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಯಾರಾದರೂ "ಪಾಪ" ಅನ್ನುತ್ತಾರೆ, ಈಗ ಅನ್ನುತ್ತಾರೆ, ಇವಳು ಎದ್ದು ಹೋಗುತ್ತಾಳೆ ಎಂದು ಕಾದೆ.

ಚಿತ್ರದವಳು ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಸ್ವಲ್ಪ ಈ ಕಡೆ ತಿರುಗಿಸ್ತೀರಾ ಅಮ್ಮ? ಹೆಬ್ಬೆರಳು ಎಲ್ಲಿದೆ ಗೊತ್ತಾಗ್ತಿಲ್ಲ. ಆ ಬಟ್ಟೆ ತೆಗೀಬಹುದಾ?"

ಹೊಲಿಗೆ ತೋರಿಸಿ ಎನ್ನುವ ಗಿರಾಕಿಯ ದನಿ ಅದು. ಚಿಕ್ಕಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಕರವಸ್ತ್ರ ತೆಗೆದು, ಬಲಗೈಯಿಂದ ಎಡಗೈಯನ್ನು ಎತ್ತಿ ಬೆಳಕಿಗೆ ತಿರುಗಿಸಿದಳು. ಕೋಟು ಕೇಳಿ ತೆಗೆದುಕೊಂಡಳು. ತೊಡೆಯ ಮೇಲೆ ಹರವಿ, ಬಾಗಿ, ತೋಳನ್ನು ಆ ಮುಷ್ಟಿಗೆ ಇಷ್ಟಿಷ್ಟೇ ಏರಿಸಿದಳು, ನಿದ್ದೆ ಹೋದ ಮಗುವಿಗೆ ಅಂಗಿ ತೊಡಿಸುವ ಹಾಗೆ. ಮಣಿಕಟ್ಟಿನ ಹತ್ತಿರ ಸಿಕ್ಕಿಕೊಂಡಿತು. ಹಲ್ಲಿನಿಂದ ಕಚ್ಚಿ ಎಳೆದಳು. ಆಮೇಲೆ ಬಲಗೈ, ಆಮೇಲೆ ಭುಜ, ಆಮೇಲೆ ಒಂದೊಂದೇ ಗುಂಡಿ. ಎಂಟು ನಿಮಿಷ ಆಯಿತು. ಇಡೀ ಹಾಲ್‌ನಲ್ಲಿ ಒಬ್ಬರೂ ಕೀ ಒತ್ತಲಿಲ್ಲ. ಚಿತ್ರದವಳ ಪೆನ್ನು ಮಾತ್ರ ಸರಸರ ಓಡುತ್ತಿತ್ತು.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗೆರೆಗಳು ಮೂಡುತ್ತಿದ್ದವು. ನಾನು ಅದನ್ನೇ ನೋಡುತ್ತ ನಿಂತೆ. ಮೊದಲು ಮಣಿಕಟ್ಟು, ಆಮೇಲೆ ಮಡಚಿದ ಬೆರಳು, ಬೆರಳ ಕೆಳಗೆ ಸಿಕ್ಕಿಕೊಂಡ ಹೆಬ್ಬೆರಳು. ಬಿಳಿ ಹಾಳೆಯಂಥ ಜಾಗದಲ್ಲಿ ಒಂದು ಕೈ ಹುಟ್ಟುತ್ತಿತ್ತು, ಅದು ನನ್ನನ್ನು ಸಾಕಿದ ಕೈ. ಇನ್ನೊಬ್ಬರ ಕೈಯನ್ನು ಅಷ್ಟು ಗಮನ ಕೊಟ್ಟು ನೋಡಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಚಿತ್ರದವಳು ಕಂಡದ್ದನ್ನೆಲ್ಲ ಬರೆಯುವವಳು, ಏನನ್ನೂ ಬಿಡಲಿಲ್ಲ. ಕೊನೆಗೆ ಉಗುರುಗಳನ್ನು ಬರೆದಳು. ಉದ್ದವಾಗಿ ಬೆಳೆದು, ಒಳಕ್ಕೆ ಬಾಗಿ, ತುದಿಗಳು ಅಂಗೈಯ ಮಾಂಸದೊಳಗೆ ಹೂತಿದ್ದವು.

ಅಲ್ಲಿಯವರೆಗೆ ನನಗೆ ಅದು ಕಂಡಿರಲಿಲ್ಲ. ಮೂರು ಗಜದ ದೂರದಲ್ಲಿ ಕೈಯೇ ಇತ್ತು, ನನಗೆ ಕಂಡದ್ದು ಚಿತ್ರದಲ್ಲಿ. ಬರುವ ಕೈ ಒಂದೇ ಇರುವವಳು ಮುಷ್ಟಿಯನ್ನು ಬಿಡಿಸಿ ಹಿಡಿಯುವುದು ಯಾವುದರಲ್ಲಿ, ಉಗುರು ಕತ್ತರಿಸುವುದು ಯಾವುದರಲ್ಲಿ? ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದೂ ಇಷ್ಟು ಸಣ್ಣ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ. ಅವಳು ಅಟ್ಟಿದಳು, ನಾನು ಹೊರಗೆ ಹೋದೆ, ಹೋಗುವುದು ನನಗೂ ಸುಲಭವಾಗಿತ್ತು. ನನಗೆ ನಾಚಿಕೆಯಾಯಿತು. ಅಳು ಬಂತು, ಅಲ್ಲೇ ಎಲ್ಲರೆದುರು ಅತ್ತೆ.

"ಅಮ್ಮ, ಉಗುರು ಚಿತ್ರದಲ್ಲಿ ಇರ್ಲಾ, ಅಳಿಸ್ಲಾ?" ಎಂದು ಚಿತ್ರದವಳು ಮೆಲ್ಲಗೆ ಕೇಳಿದಳು.

ಚಿಕ್ಕಮ್ಮ ಪರದೆ ನೋಡಿದಳು, ನನ್ನನ್ನು ನೋಡಿದಳು. "ಚಿತ್ರದಲ್ಲಿ ಇರ್ಲಿ," ಅಂದಳು. "ಕೈಯಲ್ಲಿರೋದನ್ನ ಇವಳು ಕತ್ತರಿಸ್ತಾಳೆ."

ಫಿಸಿಯೋ ಮೇಡಂ ತಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬಿಸಿನೀರಿನ ಬೋಗುಣಿ, ನೇಲ್ ಕಟರ್ ತಂದರು. ಜಿರಾಫೆ ಎದ್ದು ನಿಂತು, "ಕ್ಯಾಮೆರಾ ಆಫ್ ಮಾಡ್ಲಾ ಅಮ್ಮ?" ಎಂದ.

"ಬೇಡ. ನಿನ್ನ ಕೆಲ್ಸ ನೀನು ನೋಡ್ಕೋ, ಇನ್ನು ಎರಡು ಗಂಟೆ ಇರೋದು."

ಅವನು ಕುಳಿತು ಬರೆಯತೊಡಗಿದ. ಸುತ್ತಲೂ ಕೀಗಳ ಸದ್ದು ಮತ್ತೆ ಎದ್ದಿತು. ಮೇಡಂ ಚಿಕ್ಕಮ್ಮನ ಕೋಟಿನ ತೋಳು ಮೇಲೇರಿಸಿ, ಬಿಸಿನೀರಿನಲ್ಲಿ ಕೈ ನೆನೆಸಿ, ಮಣಿಕಟ್ಟು ಬಗ್ಗಿಸಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡಿಸಿದರು. ಬಿಡಿಸಿದ ಬೆರಳನ್ನು ನಾನು ಹಿಡಿದುಕೊಂಡು ಉಗುರು ಕತ್ತರಿಸಿದೆ. ಅಂಗೈಯಲ್ಲಿ ಸಾಲಾಗಿ ಕೆಂಪು ಗಾಯಗಳು.

"ನಂಗೆ ಗೊತ್ತೇ ಆಗ್ಲಿಲ್ಲ ಚಿಕ್ಕಮ್ಮ."

"ಗೊತ್ತಾಗೋಕೆ ನಾನು ಬಿಟ್ಟಿದ್ರೆ ತಾನೆ?"

"ನಾನೂ ಕೇಳ್ಲಿಲ್ಲ."

"ಹೂಂ. ಕೇಳ್ಲಿಲ್ಲ." ಅವಳು ಸುಳ್ಳು ಸಮಾಧಾನ ಹೇಳುವವಳಲ್ಲ.

ನಾಲ್ಕು ಉಗುರು ಮುಗಿದವು. ಕಿರುಬೆರಳು ಉಳಿದಿತ್ತು, ಅದರದ್ದೇ ಎಲ್ಲಕ್ಕಿಂತ ಆಳದ ಗಾಯ. ಮೇಡಂ ತಡೆದು, "ಇವತ್ತಿಗೆ ಸಾಕಾ ಅಮ್ಮ? ಇದನ್ನ ಸೋಮವಾರ ತರಗತೀಲಿ ಮಾಡೋಣ್ವಾ?" ಎಂದರು. ಕೇಳಿದ ಮೇಲೆ ತಾವೇ ಉಸಿರು ಬಿಗಿಹಿಡಿದರು. ನಾನೂ ತಲೆಯೆತ್ತಲಿಲ್ಲ.

ಚಿಕ್ಕಮ್ಮ ಬಲಗೈಯಿಂದ ತನ್ನ ಎಡಗೈಯನ್ನು ನೀರಿನಿಂದ ಎತ್ತಿದಳು. ಶಾಲು ಅವಳ ಕಾಲ ಬುಡದಲ್ಲೇ ಬಿದ್ದಿತ್ತು. ಅದರ ಕಡೆ ಬಗ್ಗುತ್ತಾಳೇನೋ ಎಂದುಕೊಂಡೆ. ಅವಳು ಆ ಒದ್ದೆ ಕೈಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಸೋಮವಾರದ್ದು ಸೋಮವಾರಕ್ಕೆ," ಅಂದಳು. "ಇದನ್ನ ಈಗ್ಲೇ ಮುಗ್ಸು. ನೋಯುತ್ತೆ, ನಿಧಾನ."